ಸರಕು ಮಂಗಳೂರಿಗೆ, ಕಡತ ತಿರುವನಂತಪುರಕ್ಕೆ

ವ್ಯಾಪಾರಿಯೂ ನಗರಸಭಾ ಸದಸ್ಯರೂ ಆಗಿರುವವರ ದಿನಚರಿ ನಿಮ್ಮ ಗಡಿನಾಡಿನಲ್ಲಿ ಹೇಗಿರುತ್ತದೆ ಎಂದು ಕೇಳಿದ್ದೀರಿ. ಕೇರಳದ ತುತ್ತತುದಿಯಲ್ಲಿ, ಕರ್ನಾಟಕಕ್ಕೆ ತಾಗಿಕೊಂಡಿರುವ ಕಾಸರಗೋಡಿನ ಮಟ್ಟಿಗೆ ಹೇಳುವುದಾದರೆ, ಅವರ ವ್ಯಾಪಾರ ಒಂದು ರಾಜ್ಯದತ್ತ ಮುಖ ಮಾಡಿರುತ್ತದೆ, ಅಧಿಕಾರ ಇನ್ನೊಂದು ರಾಜ್ಯದತ್ತ. ಯಾರೋ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿಲ್ಲ. ನಮ್ಮ ಪೇಟೆಯಲ್ಲಿ ಇಂಥವರು ಹಲವರಿದ್ದಾರೆ.

ಅಡಕೆ ವ್ಯಾಪಾರಿಯನ್ನೇ ತೆಗೆದುಕೊಳ್ಳಿ. ಕೃಷಿಕರು ತಂದ ಗೋಣಿಗಳನ್ನು ಬಿಚ್ಚಿಸಿ, ಹೊಸತು, ಹಳತು, ಪಟೋರ, ಉಳ್ಳಿ, ಕೋಕ ಎಂದು ವಿಂಗಡಿಸಿ ದರ ಹೇಳುವ ಮುನ್ನ ಅವರು ವಿಚಾರಿಸುವುದು ಮಂಗಳೂರಿನ ಧಾರಣೆಯನ್ನು. 1973ರಲ್ಲಿ ಸ್ಥಾಪನೆಯಾದ, ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಕೇಂದ್ರ ಕಚೇರಿ ಇರುವುದೂ ಅಲ್ಲಿಯೇ. ಸುಮಾರು 50 ಕಿ.ಮೀ. ದೂರದ ಆ ಊರು ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮದುವೆಯ ಜವಳಿಗೆ ಎಲ್ಲಕ್ಕೂ ನಮಗೆ ಬೇಕು. 2020ರ ಮಾರ್ಚಿನಲ್ಲಿ, ಕೋವಿಡ್ ಹರಡಿದ ಕಾಲದಲ್ಲಿ, ಕರ್ನಾಟಕವು ಗಡಿಯ ತಲಪಾಡಿಯಲ್ಲಿ ರಸ್ತೆಯನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಮನೆಯವರು ಮೊದಲು ಕರೆ ಮಾಡಿದ್ದು ತಮ್ಮ ವಾರ್ಡಿನ ಸದಸ್ಯರಿಗೆ. ಆದರೆ ಗಡಿಯ ವಿಷಯದಲ್ಲಿ ವಾರ್ಡು ಸದಸ್ಯರ ಕೈಯಲ್ಲಿ ಏನಿರುತ್ತದೆ? ಅವರ ಕಡತಗಳು ಹೋಗಬೇಕಾದದ್ದು 500 ಕಿ.ಮೀ.ಗೂ ಆಚೆಗಿನ ತಿರುವನಂತಪುರಕ್ಕೆ.

ಜನ ಅವರನ್ನು ಹುಡುಕಿಕೊಂಡು ನಗರಸಭೆಗೆ ಹೋಗುವುದು ಕಡಿಮೆ; ಅಂಗಡಿಗೇ ಬರುತ್ತಾರೆ. ಮನೆ ನಂಬ್ರ ಸಿಗದವರು, ಪಿಂಚಣಿ ನಿಂತುಹೋದವರು, ದಾರಿದೀಪ ಉರಿಯುತ್ತಿಲ್ಲ ಎನ್ನುವವರು ಗಲ್ಲಾಪೆಟ್ಟಿಗೆಯ ಎದುರು ಗಿರಾಕಿಗಳ ನಡುವೆಯೇ ನಿಂತಿರುತ್ತಾರೆ. ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ಮನೆಗೆ ಬರುವ ನೋಟೀಸು ಹೆಚ್ಚಾಗಿ ಮಲಯಾಳದಲ್ಲಿಯೇ ಇರುವುದರಿಂದ, ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದು, "ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಿ" ಎನ್ನುತ್ತಾರೆ. ಓದುವುದು ಮಲಯಾಳದಲ್ಲಿ, ವಿವರಿಸುವುದು ತುಳುವಿನಲ್ಲೋ ಕನ್ನಡದಲ್ಲೋ, ಅಷ್ಟರಲ್ಲಿ ಬಂದ ಇನ್ನೊಬ್ಬರೊಡನೆ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಎರಡು ಮಾತು. ಇದನ್ನು ಇಲ್ಲಿ ಯಾರೂ ಪಾಂಡಿತ್ಯವೆಂದು ಎಣಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಸದಸ್ಯರು ಊರಿಗೆ ಮಾಡುವ ದೊಡ್ಡ ಉಪಕಾರ ಇದುವೇ, ಉದ್ಘಾಟನಾ ಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳುವುದಲ್ಲ.

ಗೌರವಧನ ಹೆಸರಿಗಷ್ಟೇ. ನಗರಸಭೆಯ ಗುತ್ತಿಗೆಯಲ್ಲಿ ಪಾಲು ಹೊಂದಿದರೆ ಸದಸ್ಯತ್ವವೇ ಹೋಗುತ್ತದೆ. ಅದಕ್ಕಿಂತ ಕಷ್ಟದ್ದು ಪೇಟೆಯವರ ಮುಖ ನೋಡುವುದು. ಕಾಲುದಾರಿಗೆ ಚಾಚಿಕೊಂಡ ಅಂಗಡಿಯನ್ನು ತೆರವುಗೊಳಿಸುವ ನಿರ್ಣಯಕ್ಕೆ ಸಭೆಯಲ್ಲಿ ಕೈಯೆತ್ತಿದವರು, ಸಂಜೆ ಅದೇ ಸಾಲಿನ ವ್ಯಾಪಾರಿಗಳ ಜೊತೆ ಚಹಾ ಕುಡಿಯಬೇಕು. ಅವರದೇ ಪಕ್ಷ ಹರತಾಳಕ್ಕೆ ಕರೆಕೊಟ್ಟ ದಿನ ಮೊದಲು ಬಾಗಿಲು ಎಳೆಯಬೇಕಾದದ್ದು ಅವರ ಅಂಗಡಿಯೇ, ನಷ್ಟದ ಲೆಕ್ಕ ಮನೆಯಲ್ಲಿ.

ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿ 2010ರಲ್ಲಿ ಮೊದಲ ಚುನಾವಣೆ ನಡೆಯಿತು. ಮೀಸಲಾತಿ ವಾರ್ಡಿನಿಂದ ವಾರ್ಡಿಗೆ ಸರದಿಯಲ್ಲಿ ತಿರುಗುವುದರಿಂದ, ಐದು ವರ್ಷ ಚೆನ್ನಾಗಿ ದುಡಿದವರಿಗೂ ಮುಂದಿನ ಬಾರಿ ಅದೇ ವಾರ್ಡು ಸಿಗಲಾರದು. ಆಗ ಪತ್ನಿಯನ್ನು ನಿಲ್ಲಿಸುವವರಿದ್ದಾರೆ. ಅವರು ಹೆಸರಿಗೆ ಮಾತ್ರ ಸದಸ್ಯೆ ಎಂದು ಊರವರು ನಗುವುದೂ ಉಂಟು. ಆದರೆ ಸ್ಥಾಯಿ ಸಮಿತಿಯ ಸಭೆಗಳಲ್ಲಿ ಕುಳಿತು ಕೆಲಸ ಕಲಿತ ಮೇಲೆ ಅರ್ಜಿ ಹಿಡಿದವರು ನೇರವಾಗಿ ಅವರನ್ನೇ ಕೇಳಿಕೊಂಡು ಬರುತ್ತಾರೆ, ಗಂಡನಿಗೆ ಅಡಕೆ ವಿಂಗಡಿಸುವುದಕ್ಕೆ ಬಿಡುವಾಗುತ್ತದೆ.