ಸಿಆರ್‌ಪಿ ನಾರ್ಮಲ್, ಆದರೆ ಕ್ಯಾಲ್‌ಪ್ರೊಟೆಕ್ಟಿನ್ 640: ಯಾವುದನ್ನು ನಂಬಬೇಕು?

ತಮ್ಮನಿಗೆ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ) ಇದೆ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನ್ 3 ಬಂದಿದೆ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಮಾತ್ರ 640, ಹೊಟ್ಟೆನೋವು ಇಲ್ಲ, ಲ್ಯಾಬ್‌ನವರು ತಪ್ಪು ಮಾಡಿರಬಹುದಾ ಅಂತ ಕೇಳಿದ್ದೀರಿ. ನನಗೂ ಕ್ರೋನ್ಸ್ ಇದೆ. ದಯವಿಟ್ಟು ಆ 640 ಅನ್ನು ತಳ್ಳಿಹಾಕಬೇಡಿ.

ಮೊದಲು ಸಿಆರ್‌ಪಿ ಪಕ್ಕದಲ್ಲಿರುವ ಯೂನಿಟ್ ನೋಡಿ. ಲೀಟರಿಗೆ 3 ಮಿಲಿಗ್ರಾಂ ಆದರೆ ನಾರ್ಮಲ್. ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ. ಹಾಗಿದ್ದರೆ ಅದು ಲೀಟರಿಗೆ 30, ಜಾಸ್ತಿಯೇ ಆಯಿತು.

ನಾರ್ಮಲ್ಲೇ ಅಂದುಕೊಳ್ಳೋಣ. ಸಿಆರ್‌ಪಿ ತಯಾರಾಗುವುದು ಲಿವರ್‌ನಲ್ಲಿ. ಮೈಯಲ್ಲಿ ಎಲ್ಲಿ ಉರಿಯೂತವಾದರೂ ಏರಬಹುದು. ಆದರೆ ಕೆಲವು ಕ್ರೋನ್ಸ್ ರೋಗಿಗಳಿಗೆ ಕರುಳಲ್ಲಿ ಹುಣ್ಣಿದ್ದರೂ ಅದು ಏರುವುದೇ ಇಲ್ಲ. ನನಗೂ ಹಾಗೆಯೇ. ಅದಕ್ಕೇ ನನ್ನ ಡಾಕ್ಟರು ರಕ್ತದ ರಿಪೋರ್ಟ್ ಒಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಉರಿಯೂತಕ್ಕೇ ಮಾಡುವ ಇನ್ನೊಂದು ರಕ್ತ ಪರೀಕ್ಷೆ ಇಎಸ್‌ಆರ್ ಅಂತೂ ರಕ್ತಹೀನತೆ ಇದ್ದರೂ ಏರುತ್ತದೆ.

ಕ್ಯಾಲ್‌ಪ್ರೊಟೆಕ್ಟಿನ್ ಬರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಿಂದ. ಕರುಳು ಊದಿಕೊಂಡಾಗ ಇವು ಅಲ್ಲಿಗೆ ನುಗ್ಗುತ್ತವೆ, ಅವುಗಳ ಪ್ರೋಟೀನ್ ಮಲದಲ್ಲಿ ಹೊರಬರುತ್ತದೆ. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. 250 ದಾಟಿದರೆ ಉರಿಯೂತ ಇರುವ ಸಾಧ್ಯತೆ ಹೆಚ್ಚು. ನಡುವೆ ಬಂದರೆ ಮತ್ತೆ ಮಾಡಿಸಬೇಕಾಗುತ್ತದೆ.

ಹಾಗಂತ 640 ಬಂದ ಕೂಡಲೇ ಅದು ಕ್ರೋನ್ಸ್‌ನಿಂದಲೇ ಎನ್ನಲಾಗದು. ತಮ್ಮ ಇತ್ತೀಚೆಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನುಂಗಿದ್ದರಾ? ಭೇದಿ ಆಗಿತ್ತಾ? ಇವುಗಳಿಂದಲೂ ಏರುತ್ತದೆ. ಕರುಳಿನ ಟಿಬಿಯಲ್ಲೂ ಏರುತ್ತದೆ, ಕ್ರೋನ್ಸ್, ಟಿಬಿ ಎರಡನ್ನೂ ಬೇರೆ ಮಾಡಿ ಹೇಳುವ ಶಕ್ತಿ ಈ ಟೆಸ್ಟಿಗಿಲ್ಲ.

ನೋವಿಲ್ಲವಲ್ಲ ಅಂತೀರಾ? 2017ರಲ್ಲಿ ಪ್ರಕಟವಾದ, ಕ್ರೋನ್ಸ್ ರೋಗಿಗಳ ಮೇಲಿನ ‘ಕಾಮ್’ ಅಧ್ಯಯನ ಇದನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ ಮುಖ್ಯವಾಗಿ ರೋಗಲಕ್ಷಣ ನೋಡಿ ಔಷಧಿ ಹೆಚ್ಚಿಸಿದರು. ಇನ್ನೊಂದಕ್ಕೆ ಸಿಆರ್‌ಪಿ, ಕ್ಯಾಲ್‌ಪ್ರೊಟೆಕ್ಟಿನ್ ಕೂಡ ನೋಡಿದರು. 48 ವಾರಗಳ ಬಳಿಕ ಕರುಳು ಮಾಯ್ದವರು ಮೊದಲನೆಯದರಲ್ಲಿ ಶೇ. 30, ಎರಡನೆಯದರಲ್ಲಿ ಶೇ. 46. ನೋವು ಇಲ್ಲದಿದ್ದರೂ ಒಳಗೆ ಹುಣ್ಣು ಇರಬಹುದು, ಅದು ಮುಂದೆ ಕರುಳನ್ನು ಕಿರಿದಾಗಿಸಬಹುದು. ನನಗೆ ಭಯ ಇರುವುದು ಇದರದೇ.

ಹಳೆಯ ರಿಪೋರ್ಟುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಮೊದಲು 80 ಇದ್ದದ್ದು 640 ಆಯಿತೇ, ಅಥವಾ 1800ರಿಂದ ಇಳಿಯಿತೇ? ಎರಡಕ್ಕೂ ಅರ್ಥವೇ ಬೇರೆ. ಮತ್ತೆ ಮಾಡಿಸುವಾಗ ಅದೇ ಲ್ಯಾಬ್‌ನಲ್ಲೇ ಮಾಡಿಸಿ, ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆಗಲೂ ಜಾಸ್ತಿ ಬಂದರೆ ಕೊಲೊನೋಸ್ಕೊಪಿ ಅಥವಾ ಎಂಆರ್ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನೇ ಕೇಳಿ. ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸದಂತೆ ತಮ್ಮನಿಗೆ ಹೇಳಿ.