ಗೆದ್ದವರು ಯಾರು ಅಂತ ಗೊತ್ತಿದ್ದೂ ನೋಡುವ ಆಟ

ತಮ್ಮಾ,

ಆಗಸ್ಟಿನಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ಗೆ ಎಂ.ಎಸ್. ಓದಲು ಬಂದೆ, ಲ್ಯಾಬಿನಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಮಾತು ಇಲ್ಲಿನ, ಚೆಂಡು ಹಿಡಿದು ಓಡುವ ಫುಟ್‌ಬಾಲಿಗೆ ತಿರುಗಿದರೆ ನಾನು ಮೂಲೆಗೆ ಬೀಳುತ್ತೇನೆ ಅಂತ ಬರೆದಿದ್ದೀಯ. ಈ ವಾರದ ಆಟವಾದರೆ ಹೇಗೋ ಕಲಿತೇನು, ಐವತ್ತು ವರ್ಷ ಹಿಂದಿನ ಆಟವನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾರಲ್ಲ, ಅದರಲ್ಲಿ ಏನಿದೆ ಅಣ್ಣ ಅಂತ ಕೇಳಿದ್ದೀಯ.

ತುಂಬಾ ಇದೆ. ಚಳಿಗೆ ಯಾವ ಕೋಟು ತಗೊಳ್ಳಬೇಕು, ಮೆಂತ್ಯ ಸೊಪ್ಪು ಎಲ್ಲಿ ಸಿಗುತ್ತದೆ, ಅದೆಲ್ಲ ಫೋನಿನಲ್ಲಿ ಹೇಳುತ್ತೇನೆ. ಇದನ್ನು ಮಾತ್ರ ಕೂತು ಬರೆಯಬೇಕು ಅನ್ನಿಸಿತು.

ನಾನು ತಿಪಟೂರಿನಿಂದ ಇಲ್ಲಿಗೆ ಬಂದದ್ದು 1999ರಲ್ಲಿ. ಮೊದಲ ಥ್ಯಾಂಕ್ಸ್‌ಗಿವಿಂಗ್ ದಿನ, ಅಂದರೆ ಮನೆಮಂದಿಯೆಲ್ಲ ಸೇರಿ ಉಣ್ಣುವ ಇಲ್ಲಿನ ಹಬ್ಬದ ದಿನ, ಊರೆಲ್ಲ ಬಾಗಿಲು ಹಾಕಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ನೀನೂ ನವೆಂಬರಿನಲ್ಲಿ ನೋಡ್ತೀಯ, ಆ ಒಂದು ದಿನ ಹೊರಗಿನಿಂದ ಬಂದವರಿಗೆ ಬಹಳ ಕಷ್ಟ. ಮಧ್ಯಾಹ್ನ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹಳ್ಳಿಯಲ್ಲಿ ಜೋಳ, ದನ ಅಂತ ಬೆಳೆದವರು. "ಒಬ್ಬನೇ ಏನು ಮಾಡ್ತೀಯ, ಬಾ" ಎಂದರು. ಊಟ ಆದ ಮೇಲೆ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಒಂದು ಕ್ಯಾಸೆಟ್ ಹಾಕಿದರು.

ಅದು 1971ರ ಥ್ಯಾಂಕ್ಸ್‌ಗಿವಿಂಗ್ ದಿನದ ಆಟ. ನವೆಂಬರ್ 25. ಕಾಲೇಜು ಫುಟ್‌ಬಾಲಿನಲ್ಲಿ ದೇಶದಲ್ಲಿ ಮೊದಲ ಸ್ಥಾನದಲ್ಲಿದ್ದ ಇಲ್ಲಿನ ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡ, ಎರಡನೇ ಸ್ಥಾನದಲ್ಲಿದ್ದ ಒಕ್ಲಹೋಮಾ ವಿಶ್ವವಿದ್ಯಾಲಯದ ತಂಡ. ಎರಡೂ ಆ ವರ್ಷ ಒಂದು ಆಟವನ್ನೂ ಸೋತಿರಲಿಲ್ಲ. ಶತಮಾನದ ಆಟ ಅಂತಲೇ ಇಲ್ಲಿನವರು ಅದನ್ನು ಕರೆಯುತ್ತಾರೆ.

ನಿನಗೆ ನಿಯಮ ಇಷ್ಟು ಗೊತ್ತಿದ್ದರೆ ಸಾಕು: ನಾಲ್ಕು ಸಲದೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಆಗುವುದಿಲ್ಲ ಅನ್ನಿಸಿದರೆ ಅದನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ. ಆಟ ಶುರುವಾಗಿ ನಾಲ್ಕು ನಿಮಿಷ ಆಗುವುದರೊಳಗೆ ಒಕ್ಲಹೋಮಾ ಹಾಗೆ ಒದೆಯಿತು. ಟಿವಿಯಲ್ಲಿ ಚೆಂಡು ಇನ್ನೂ ಗಾಳಿಯಲ್ಲಿದೆ, ನನ್ನ ಪಕ್ಕದವರ ಕೈ ಆಗಲೇ ಮೇಲೆದ್ದಿತ್ತು. ನೆಬ್ರಾಸ್ಕಾದ ಜಾನಿ ರಾಡ್ಜರ್ಸ್ ಚೆಂಡು ಹಿಡಿದ. ತಕ್ಷಣ ಒಬ್ಬ ಬಂದು ಡಿಕ್ಕಿ ಹೊಡೆದ. ರಾಡ್ಜರ್ಸ್ ಬಿದ್ದೇಬಿಟ್ಟ ಅನ್ನುವಷ್ಟು ಬಗ್ಗಿ, ಎದ್ದು, ಸಂದಿಯಲ್ಲಿ ನುಸುಳಿ 72 ಗಜ ಓಡಿ ಗೆರೆ ದಾಟಿದ. ಅಷ್ಟೂ ಹೊತ್ತು ಆ ಕೈ ಕೆಳಗೆ ಬರಲಿಲ್ಲ. ಅವರು ಟಿವಿಯ ಸದ್ದು ತೆಗೆದು, ಟೇಪ್‌ ರೆಕಾರ್ಡರಿನಲ್ಲಿ ನೆಬ್ರಾಸ್ಕಾ ಆಟಗಳ ಕಾಮೆಂಟೇಟರ್ ಲೈಲ್ ಬ್ರೆಮ್ಸರ್ ಅವರ ರೇಡಿಯೊ ಕಾಮೆಂಟರಿ ಹಾಕಿದ್ದರು. ಎರಡಕ್ಕೂ ತಾಳೆ ಆಗುವ ಹಾಗೆ ಗುಂಡಿ ಒತ್ತುವುದು ಅವರಿಗೆ ರೂಢಿಯಾಗಿತ್ತು.

ಆ ಓಟದಲ್ಲಿ ನಮ್ಮವನೊಬ್ಬ ಹಿಂದಿನಿಂದ ತಳ್ಳಿದ, ಅದಕ್ಕೆ ದಂಡ ಹಾಕಬೇಕಿತ್ತು ಅಂತ ಒಕ್ಲಹೋಮಾದವರು ಇವತ್ತಿಗೂ ಹೇಳುತ್ತಾರೆ. ಅವರು ಹೇಳುವುದರಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ, ಇಲ್ಲಿ ಯಾರ ಮುಂದೆಯೂ ಹೇಳಿಲ್ಲ.

ಕೊನೆಗೆ 31-28ರಲ್ಲಿ ನೆಬ್ರಾಸ್ಕಾ ಹಿಂದೆ ಬಿತ್ತು. 74 ಗಜ ಹೋಗಬೇಕು. ಜೆಫ್ ಕಿನ್ನಿ ಅನ್ನುವವನ ಜರ್ಸಿ ಹರಿದು ಚಿಂದಿಯಾಗಿದೆ, ಮತ್ತೆ ಮತ್ತೆ ಅವನ ಕೈಗೇ ಚೆಂಡು. 1 ನಿಮಿಷ 38 ಸೆಕೆಂಡು ಉಳಿದಿರುವಾಗ ಅವನೇ ಒಳಗೆ ನುಗ್ಗಿದ. 35-31. ಆಗ ಪಕ್ಕದ ಮನೆಯವರು ಹೇಳಿದ್ದು ಆಟದ ಮಾತಲ್ಲ. "ಆವತ್ತು ಹಾಲು ಕರೆಯೋದು ತಡ ಆಯ್ತು. ಅಪ್ಪ ಒಂದು ಮಾತೂ ಬೈಯಲಿಲ್ಲ" ಅಂದರು.

ಅವರ ಅಪ್ಪ ತೀರಿಹೋಗಿ ಆಗಲೇ ಹತ್ತು ವರ್ಷ ಆಗಿತ್ತು.

ಆಟ ಯಾಕೆ ಮತ್ತೆ ನೋಡುತ್ತಾರೆ ಅಂತ ಕೇಳಿದೆಯಲ್ಲ. ನಾವು ನೋಡುವುದಿಲ್ವಾ? 1996ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ಮೇಲೆ ಸಚಿನ್ 88ಕ್ಕೆ ಔಟಾಗಿ, 164ಕ್ಕೆ ಎಂಟು ವಿಕೆಟ್ ಬಿದ್ದ ಮೇಲೆ ಕುಂಬ್ಳೆ, ಶ್ರೀನಾಥ್ ಇಬ್ಬರೇ ನಿಂತು 52 ರನ್ ಹೊಡೆದು ಗೆಲ್ಲಿಸಿದರು. ಸ್ಟ್ಯಾಂಡಿನಲ್ಲಿ ಕುಂಬ್ಳೆಯವರ ತಾಯಿ ಕೂತಿದ್ದರು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನಮ್ಮ ಮನೆಯ ನಡುಮನೆ, ಟಿವಿ ಮೇಲಿನ ಕಸೂತಿ ಬಟ್ಟೆ, ಸಚಿನ್ ಔಟಾದಾಗ ಎದ್ದು ಹೋಗಿ ಕಿರುಚಾಟ ಕೇಳಿ ಓಡಿ ಬಂದ ಚಿಕ್ಕಪ್ಪ, ಎಲ್ಲ ಜೊತೆಗೇ ಬರುತ್ತದೆ. ಒಂದು ಸಲ ಪಕ್ಕದವರಿಗೂ ತೋರಿಸಿದೆ. ಕ್ರಿಕೆಟ್ ಅವರಿಗೆ ಅರ್ಥವಾಗಲಿಲ್ಲ. ಆದರೂ ಕೊನೆಯವರೆಗೆ ಕೂತು, ಚಿಕ್ಕಪ್ಪ ಈಗ ಹೇಗಿದ್ದಾರೆ ಅಂತ ಕೇಳಿದರು.

ಇಲ್ಲಿನ ಮೆಮೋರಿಯಲ್ ಸ್ಟೇಡಿಯಂ 1962ರಿಂದ ಪ್ರತಿ ಆಟಕ್ಕೂ ಭರ್ತಿ. ಆಟದ ದಿನ ಅದರೊಳಗೆ ಕೂತವರೇ ರಾಜ್ಯದ ಮೂರನೇ ದೊಡ್ಡ ಊರು ಅನ್ನುತ್ತಾರೆ. ಆದರೆ ನಾನು ಬಂದ 1999ರಲ್ಲಿ ಲೀಗ್ ಪ್ರಶಸ್ತಿ ಗೆದ್ದದ್ದೇ ಕೊನೆ, ಆಮೇಲೆ ಗೆದ್ದಿಲ್ಲ. ಒಕ್ಲಹೋಮಾ ಜೊತೆ ವರ್ಷ ವರ್ಷ ಆಡುವುದು 1997ರ ಆಟದ ನಂತರವೇ ನಿಂತಿತ್ತು, 2011ರಲ್ಲಿ ಲೀಗೇ ಬದಲಾಯಿತು. ಹಳೆಯ ಆಟಗಳನ್ನು ಇವರು ಇಷ್ಟು ಹಚ್ಚಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಗೆದ್ದದ್ದನ್ನು ಮಾತ್ರ ನೋಡುತ್ತಾರೆ ಅಂದುಕೊಳ್ಳಬೇಡ. 1984ರ ಜನವರಿ 2ರ ಆರೆಂಜ್ ಬೌಲ್ ಆಟ ಇದೆ, ಋತು ಮುಗಿದ ಮೇಲೆ ಆಡುವ ದೊಡ್ಡ ಪಂದ್ಯ, ಮಿಯಾಮಿ ವಿಶ್ವವಿದ್ಯಾಲಯದ ಎದುರು. ನನ್ನ ಪ್ರಕಾರ ಅದೇ ಇವರ ಅತಿ ದೊಡ್ಡ ಆಟ. 48 ಸೆಕೆಂಡು ಉಳಿದಿದೆ, ಸ್ಕೋರು 31-30, ನೆಬ್ರಾಸ್ಕಾ ಒಂದು ಅಂಕ ಹಿಂದೆ. ಗೆರೆ ದಾಟಿದ ಮೇಲೆ ಇನ್ನೊಂದು ಅವಕಾಶ ಸಿಗುತ್ತದೆ: ಕಿಕ್ ಹೊಡೆದರೆ ಒಂದು ಅಂಕ, ಚೆಂಡನ್ನು ಮತ್ತೆ ಗೆರೆ ದಾಟಿಸಿದರೆ ಎರಡು. ಸುಮ್ನೆ ಒಂದು ಕಿಕ್ ಹೊಡೆದಿದ್ದರೆ ಸಮ. ಕಾಲೇಜು ಫುಟ್‌ಬಾಲಿನಲ್ಲಿ ಆಗ ಹೆಚ್ಚುವರಿ ಸಮಯ ಇರಲಿಲ್ಲ, ಸಮ ಆದರೂ ರಾಷ್ಟ್ರೀಯ ಪ್ರಶಸ್ತಿ ಬಹುತೇಕ ಇವರಿಗೇ ಬರುತ್ತಿತ್ತು. ಕೋಚ್ ಟಾಮ್ ಓಸ್ಬೋರ್ನ್ ಕಿಕ್ ಬೇಡ ಅಂದರು. ಗೆಲ್ಲಲು ಎರಡು ಅಂಕಕ್ಕೇ ಹೋದರು. ನೆಬ್ರಾಸ್ಕಾದ ಟರ್ನರ್ ಗಿಲ್ ಎಸೆದ ಚೆಂಡಿಗೆ ಎದುರಾಳಿಯ ಬೆರಳು ತಾಗಿತು, ಮುಗಿಯಿತು.

ಪಕ್ಕದವರು ಆ ಟೇಪನ್ನು 48 ಸೆಕೆಂಡಿನಲ್ಲಿ ನಿಲ್ಲಿಸಿಬಿಡುತ್ತಿದ್ದರು. ಅವರ ಹೆಂಡತಿ ಬಿಡುತ್ತಿರಲಿಲ್ಲ. "ಅದನ್ನೂ ಹಾಕಿ, ಅದೇ ನೋಡಬೇಕಾದದ್ದು" ಅನ್ನುತ್ತಿದ್ದರು. ಹಾಗೆ ಹೇಳುತ್ತಲೇ ನನಗೆ ಮಾಂಸವಿಲ್ಲದ ಚಿಲ್ಲಿ (ಹುರುಳಿಕಾಯಿ ಬೀಜದ ಖಾರದ ಗಟ್ಟಿ ಸಾರು), ಜೊತೆಗೆ ದಾಲ್ಚಿನ್ನಿ ರೋಲ್ ತಂದಿಡುತ್ತಿದ್ದರು. ಈ ಎರಡನ್ನು ಒಟ್ಟಿಗೆ ತಿನ್ನುವುದು ಇಲ್ಲಿನ ವಾಡಿಕೆ, ನಿನಗೂ ಹಿಡಿಸುತ್ತದೆ ನೋಡು.

ಹನ್ನೊಂದು ವರ್ಷದ ಮೇಲೆ, 1995ರ ಜನವರಿ 1ರಂದು, ಅದೇ ಮೈದಾನದಲ್ಲಿ ಅದೇ ಮಿಯಾಮಿಯನ್ನು 24-17ರಿಂದ ಸೋಲಿಸಿ ಓಸ್ಬೋರ್ನ್ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು.

ನಿನ್ನ ಲ್ಯಾಬಿನಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ ಯಾರು ಗೆದ್ದರು ಅಂತ ಕೇಳಬೇಡ. ಆವತ್ತು ನೀವು ಎಲ್ಲಿದ್ದಿರಿ ಅಂತ ಕೇಳು. ಮನೆಗೆ ಕರೆದರೆ ಹೋಗು, ಒಂದು ಡಬ್ಬಿ ಕೋಡುಬಳೆ ತಗೊಂಡು ಹೋಗು. 1995ರದ್ದನ್ನು ಹಾಕಲು ಹೊರಟರೆ, ಮೊದಲು 1984ರದ್ದನ್ನು ಕೊನೆಯವರೆಗೆ ಹಾಕಿ ಅಂತ ಕೇಳಿಕೋ.