ಓದುಗರ ಪ್ರಶ್ನೆಗಳಿಗೆ ಉತ್ತರ: ಹತ್ತಿಯ ಬಂದರಾಗಿದ್ದ ಕುಮಟೆ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಕ್ಕಲು ಮನೆತನ. ಹತ್ತಿಯ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಕುಮಟೆಯ ಹೆಸರು ಎತ್ತುತ್ತಿದ್ದರು. ಈಚೆಗೆ ಗೋಕರ್ಣಕ್ಕೆ ಹೋಗುವಾಗ ಕುಮಟೆಯಲ್ಲಿ ಇಳಿದು ಊರು ಸುತ್ತಿದೆವು. ದೊಡ್ಡ ಹಡಗುಕಟ್ಟೆಯಾಗಲಿ, ಹತ್ತಿ ವ್ಯಾಪಾರದ ಗುರುತಾಗಲಿ ಕಣ್ಣಿಗೆ ಬೀಳಲಿಲ್ಲ. ಕುಮಟೆ ನಿಜಕ್ಕೂ ದೊಡ್ಡ ಬಂದರಾಗಿತ್ತೆ?

ಉತ್ತರ: ನಿಜಕ್ಕೂ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಹತ್ತಿ ಬಯಲುಸೀಮೆಯಿಂದ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಹಡಗು ಹತ್ತಿ ಮುಂಬಯಿಗೂ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೂ ಹೋಗುತ್ತಿತ್ತು. 1840ರ ದಶಕದಲ್ಲಿ ಧಾರವಾಡದ ಸುತ್ತ ಅಮೆರಿಕದ ಹತ್ತಿತಳಿ ಬೇರೂರಿದ ಮೇಲೆ ವ್ಯಾಪಾರಿಗಳಿಗೆ ಹೊಸ ತಳಿ, ನಾಡಹತ್ತಿ ಎರಡನ್ನೂ ಬೇರೆ ಬೇರೆ ಹೆಸರಿನಿಂದ ಗುರುತಿಸುವುದು ಅಗತ್ಯವಾಯಿತು. ಹೊಸ ತಳಿಗೆ ಅದು ಬೆಳೆದ ಧಾರವಾಡದ ಹೆಸರು ಸಿಕ್ಕಿತು. ಅದೇ ಹೊಲಗಳಲ್ಲಿ ಹಿಂದಿನಿಂದ ಬೆಳೆಯುತ್ತಿದ್ದ ನಾಡಹತ್ತಿಗೆ ಅದು ಹಡಗು ಹತ್ತುತ್ತಿದ್ದ ಕುಮಟೆಯ ಹೆಸರು ನಿಂತಿತು. ಒಂದು ಗಿಡವನ್ನೂ ಬೆಳೆಯದ ಊರಿನ ಹೆಸರು ಮುಂಬಯಿಯ ಹತ್ತಿ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೆ ಉಳಿದುಕೊಂಡಿತೆಂದರೆ, ಈ ದಾರಿಯಲ್ಲಿ ಎಷ್ಟು ಮಾಲು ಸಾಗಿರಬೇಕೆಂದು ತಾವೇ ಊಹಿಸಬಹುದು. ತಮ್ಮ ಹಿರಿಯರ ಬಾಯಲ್ಲಿದ್ದುದು ಈ ನೆನಪೇ ಇರಬೇಕು.

ಈ ವ್ಯಾಪಾರದ ಸ್ವರೂಪ ಅರ್ಥವಾಗಬೇಕಾದರೆ ಕಾಲಮಾನವನ್ನು ಗಮನಿಸಬೇಕು. ಧಾರವಾಡದ ನಾಡಹತ್ತಿ ಹಿಂಗಾರಿನ ಬೆಳೆ. ಅದನ್ನು ಬಿಡಿಸುವುದು ಬೇಸಗೆಯ ತಿಂಗಳುಗಳಲ್ಲಿ. ಇತ್ತ ಜೂನ್ ಆರಂಭದಲ್ಲಿ ಮುಂಗಾರು ಹೊಡೆಯಿತೆಂದರೆ ಪಶ್ಚಿಮ ಕರಾವಳಿಯಲ್ಲಿ ಹಾಯಿಹಡಗುಗಳ ಓಡಾಟವೇ ನಿಲ್ಲುತ್ತಿತ್ತು. ಹತ್ತಿ ಬಿಡಿಸುವುದಕ್ಕೂ ಸಮುದ್ರ ಮುಚ್ಚುವುದಕ್ಕೂ ನಡುವೆ ಸಿಗುತ್ತಿದ್ದ ಕೆಲವೇ ವಾರಗಳಲ್ಲಿ ಅಷ್ಟು ಮಾಲು ಘಟ್ಟ ಇಳಿಯಬೇಕಿತ್ತು. ಗಾಡಿರಸ್ತೆ ಆಗುವ ಮೊದಲು ಈ ಸಾಗಣೆಯ ಬಹುಪಾಲು ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲಿತ್ತು; ಘಟ್ಟ ಇಳಿದ ಎತ್ತುಗಳು ಬರಿಬೆನ್ನಿನಲ್ಲಿ ಹಿಂದಿರುಗದೆ ಕರಾವಳಿಯ ಉಪ್ಪನ್ನು ಹೇರಿಕೊಂಡು ಬಯಲುಸೀಮೆಗೆ ಹೋಗುತ್ತಿದ್ದವು. ಹತ್ತಿಯ ಬೆಲೆ ಏರಿದ್ದು, ಬಿದ್ದದ್ದು ನಮಗೆ ತಿಳಿದಿದೆ. ಆದರೆ ವರ್ಷಕ್ಕೊಮ್ಮೆ ಈ ಆತುರದ ಋತುವನ್ನು ಹೊತ್ತು ನಡೆದ ಜನರ ವಿಷಯ ನಮ್ಮ ಇತಿಹಾಸದಲ್ಲಿ ಬಹಳ ಕಡಿಮೆ ದಾಖಲಾಗಿದೆ ಎಂಬುದು ನಮಗೆ ನೋವಿನ ಸಂಗತಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಭಾರತದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಕುಮಟೆಯ ಕಡಲತೀರಕ್ಕೂ ಆ ಏರು ತಲುಪಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು.

ಗುರುತುಗಳು ಏಕೆ ಉಳಿದಿಲ್ಲ ಎಂಬುದಕ್ಕೆ ಉತ್ತರ ಬಂದರಿನ ಸ್ವಭಾವದಲ್ಲೇ ಇದೆ. ಕುಮಟೆಯದು ನಾಲ್ಕೂ ಕಡೆ ಆಸರೆಯಿರುವ ಬಂದರಲ್ಲ. ದೊಡ್ಡ ಹಡಗು ದೂರದ ನೀರಿನಲ್ಲೇ ಲಂಗರು ಹಾಕುತ್ತಿತ್ತು, ದಡದಿಂದ ಮಾಲು ಸಣ್ಣ ದೋಣಿಗಳಲ್ಲಿ ಹೋಗುತ್ತಿತ್ತು. ಅಂಥ ಕಡೆ ಭಾರಿ ಕಟ್ಟಡಗಳು ಏಳುವುದಿಲ್ಲ. ಕುಮಟೆಯ ಹೆಡ್ ಬಂದರಿನ ಗುಡ್ಡದ ಮೇಲೆ ನಿಂತು ನೋಡಿದರೆ ತೆರೆದ ಸಮುದ್ರಕ್ಕೆ ಈ ತೀರ ಅದೆಷ್ಟು ನೇರವಾಗಿ ಮೈಯೊಡ್ಡಿದೆಯೆಂಬುದು ತಿಳಿಯುತ್ತದೆ. ಜೊತೆಗೆ, ಇಲ್ಲಿ ಹಾದುಹೋದ ಹತ್ತಿ ಬೇರೆಯವರ ಹೊಲದ್ದು, ಲಾಭದ ಬಹುಭಾಗ ಬೇರೆಯವರ ಪೆಟ್ಟಿಗೆಯದು.

ಪ್ರಶ್ನೆ: ಕುಮಟೆಯ ವ್ಯಾಪಾರವನ್ನು ಕಾರವಾರ ಕಸಿದುಕೊಂಡಿತು ಎಂದು ಕೆಲವರು, ರೈಲು ಕಸಿದುಕೊಂಡಿತು ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? (ಶಿರಸಿಯ ಓದುಗರೊಬ್ಬರು)

ಉತ್ತರ: ಉದ್ದೇಶ ಕಾರವಾರದ್ದು, ಕೈಗೂಡಿದ್ದು ರೈಲಿನದು ಎಂದರೆ ಸರಿಯಾದೀತು. ಕುಮಟೆಯ ತೆರೆದ ಕಡಲಿಗಿಂತ ಕಾರವಾರದ ಕೊಲ್ಲಿ ಹಡಗುಗಳಿಗೆ ಎಷ್ಟೋ ಸುರಕ್ಷಿತವೆಂಬುದು ಇಂಗ್ಲೆಂಡಿನ ಹತ್ತಿ ವ್ಯಾಪಾರಿಗಳ ವಾದವಾಗಿತ್ತು. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದು ಬಂದರು ಮಾತ್ರ ಮದರಾಸು ಪ್ರಾಂತದಲ್ಲಿದ್ದುದು ಅವರಿಗೆ ದೊಡ್ಡ ಅಡಚಣೆಯಾಗಿ ಕಂಡಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರ ಮುಖ್ಯವಾಗಿತ್ತು. 1956ರವರೆಗೆ, ಅಂದರೆ 94 ವರ್ಷ, ಈ ಜಿಲ್ಲೆ ದಕ್ಷಿಣ ಕನ್ನಡದಿಂದ ಬೇರೆಯಾಗಿ ಮುಂಬಯಿಯ ಆಡಳಿತದಲ್ಲಿ ಉಳಿಯಿತು. ಇಲ್ಲಿಯ ಕುಟುಂಬಗಳು ಓದಿಗೂ ನೌಕರಿಗೂ ಬೆಂಗಳೂರಿಗಿಂತ ಮೊದಲು ಮುಂಬಯಿಯತ್ತ ಮುಖ ಮಾಡಿದ್ದರ ಬೇರು ಅಲ್ಲಿದೆ.

ಆದರೆ ಕಾರವಾರಕ್ಕೆ ಹುಬ್ಬಳ್ಳಿಯಿಂದ ರೈಲು ಬರಲಿಲ್ಲ. ಹಳಿ ಹುಬ್ಬಳ್ಳಿಯವರೆಗೆ ಬಂದು, ಕ್ಯಾಸಲ್ ರಾಕ್ ಮೂಲಕ ಪೋರ್ಚುಗೀಸರ ಗೋವೆಯ ಮರ್ಮಗೋವೆಗೆ ಇಳಿಯಿತು; 1888ರ ಹೊತ್ತಿಗೆ ಆ ದಾರಿ ತೆರೆದಿತ್ತು. ಹತ್ತಿ ಘಟ್ಟದ ರಸ್ತೆಯನ್ನು ಬಿಟ್ಟು ಹಳಿಯ ಮೇಲೆ ಹೋಯಿತು. ಕುಮಟೆಯಷ್ಟೇ ಅಲ್ಲ, ಅದರ ವ್ಯಾಪಾರವನ್ನು ಪಡೆಯಬೇಕೆಂದಿದ್ದ ಕಾರವಾರವೂ ಬರಿಗೈಯಲ್ಲಿ ಉಳಿಯಿತು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಇಂದಿಗೂ ಪೂರ್ಣಗೊಂಡಿಲ್ಲ. ಕುಮಟೆಯ ಮೂಲಕ ಕೊಂಕಣ ರೈಲ್ವೆಯ ಸಂಪೂರ್ಣ ಮಾರ್ಗ ತೆರೆದದ್ದು 1998ರಲ್ಲಿ, ಒಂದು ರೈಲು ಅದರ ವ್ಯಾಪಾರವನ್ನು ಒಯ್ದು 110 ವರ್ಷಗಳ ನಂತರ.

ಪ್ರಶ್ನೆ: ಬಂದರು ಹೋದ ಮೇಲೆಯೂ ಕುಮಟೆ ಹಳ್ಳಿಯಾಗದೆ ಪಟ್ಟಣವಾಗಿಯೇ ಉಳಿದದ್ದು ಹೇಗೆ?

ಉತ್ತರ: ಹತ್ತಿ ಹೋದರೂ ಘಟ್ಟದ ದಾರಿ ಹೋಗಲಿಲ್ಲ. ಸಮುದ್ರದಗುಂಟ ಬರುವ ಹೆದ್ದಾರಿಗೆ ಶಿರಸಿಯ ರಸ್ತೆ ಕೂಡುವ ಊರು ಇದು, ಅದರ ಬಾಳು ಸಂತೆಯ ಮೇಲೆ ನಿಂತಿದೆ. ದಿನಪತ್ರಿಕೆಯ ಅಡಿಕೆ ಧಾರಣೆಯ ಕಾಲಮ್ಮಿನಲ್ಲಿ ಶಿರಸಿ, ಯಲ್ಲಾಪುರ, ಸಿದ್ದಾಪುರಗಳ ಜೊತೆ ಕುಮಟಾ ಎಂದು ಬರೆದು ಚಿಪ್ಪು, ಕೋಕಾ, ಹಳೆ ಚಾಲಿ, ಹೊಸ ಚಾಲಿಗಳ ದರ ಕೊಟ್ಟಿರುವುದನ್ನು ತಾವು ನೋಡಿರಬಹುದು. ಘಟ್ಟದ ಬುಡದ ತೋಟಗಳಿಂದ ಹವ್ಯಕರು ಅಡಿಕೆ ತರುತ್ತಾರೆ. ಹಾಲಕ್ಕಿ ಹೆಂಗಸರು ಕರಿಮಣಿ ಸರಗಳ ರಾಶಿಯನ್ನು ಕೊರಳಲ್ಲಿ ಧರಿಸಿ, ತಾವೇ ಬೆಳೆದ ಬಸಳೆ, ಹರಿವೆ, ಬದನೆಗಳನ್ನು ಬುಟ್ಟಿಯಲ್ಲಿ ತಂದು ಕೂರುತ್ತಾರೆ. ಕಿರಾಣಿ ಅಂಗಡಿಯ ಸಾರಸ್ವತರು ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಮೀನು ಹಿಡಿಯುವ ಖಾರ್ವಿಗಳದೂ ಕೊಂಕಣಿಯೇ, ಆದರೆ ಅದರ ಧಾಟಿ ಬೇರೆ, ಅಂಬಿಗರದು ಕನ್ನಡ. ಹವ್ಯಕರ ಕನ್ನಡ, ಹಾಲಕ್ಕಿ ಕನ್ನಡ ಒಂದಕ್ಕೊಂದು ಹೋಲುವುದಿಲ್ಲ. ಮೀನುಪೇಟೆಯಲ್ಲಿ ಐದು ನಿಮಿಷ ನಿಂತರೆ ಒಂದೇ ಬುಟ್ಟಿ ಬಂಗಡೆಗೆ ಎರಡು ಭಾಷೆಗಳಲ್ಲಿ ಚೌಕಾಶಿ ನಡೆಯುವುದು ಕೇಳುತ್ತದೆ, ಇಬ್ಬರಿಗೂ ಇನ್ನೊಬ್ಬರ ಮಾತು ತಿಳಿಯುತ್ತದೆ. ಕುಮಟೆಯ ನಿಜವಾದ ಗುಣ ಇದೆಂದು ನಮ್ಮ ಅಭಿಪ್ರಾಯ: ಇದು ಯಾವ ಒಂದು ಜನರ ಊರೂ ಅಲ್ಲ, ಎಲ್ಲರ ಪೇಟೆ.

ಇನ್ನೊಂದು ಆಧಾರ ವಿದ್ಯೆ. ಗಿಬ್ ಹೈಸ್ಕೂಲು, ಬಾಳಿಗಾ ಕಾಲೇಜು ಇವುಗಳಲ್ಲಿ ಓದಿ ಹೊರಗೆ ಹೋದವರು ಜಿಲ್ಲೆಯ ಎಲ್ಲ ತಾಲೂಕುಗಳಲ್ಲೂ ಸಿಗುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಬೇಸಗೆ ರಜೆಯಲ್ಲಿ ನಮ್ಮ ತಾಲೂಕಿನಲ್ಲಿ ಏನನ್ನು ತೋರಿಸಬೇಕು? ಗೋಕರ್ಣವನ್ನು ಅವರು ನೋಡಿದ್ದಾರೆ.

ಉತ್ತರ: ಮಿರ್ಜಾನ ಕೋಟೆಯನ್ನು ತಾವು ಹೇಗೂ ತೋರಿಸುವಿರಿ. ಕೆಂಪು ಕಲ್ಲಿನ ಆ ಕೋಟೆಯೊಂದಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಸೇರಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಹತ್ತಿಗಿಂತ ಮೊದಲು ಈ ತೀರವನ್ನು ಜಗತ್ತಿಗೆ ಪರಿಚಯಿಸಿದ್ದು ಆ ಮೆಣಸು.

ಅದಕ್ಕಿಂತ ಹೆಚ್ಚು ಸಮಯವನ್ನು ಅಘನಾಶಿನಿಯ ಅಳಿವೆಗೆ ಕೊಡಿರೆಂದು ನಮ್ಮ ಆಗ್ರಹ. ಶಿರಸಿಯ ಬಳಿ ಹುಟ್ಟಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ ಸಮುದ್ರ ಸೇರುವ ನದಿ ಇದು. 2024ರಲ್ಲಿ ಇದರ ಅಳಿವೆಗೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ದೊರೆಯಿತು. ಮಾಣಿಕಟ್ಟೆಯ ಗಜನಿ ಭೂಮಿಯಲ್ಲಿ, ಅಂದರೆ ಅಳಿವೆಯ ಅಂಚಿನ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆಗಾಲದಲ್ಲಿ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಬಿತ್ತುತ್ತಾರೆ, ಗೊಬ್ಬರ ಹಾಕುವುದಿಲ್ಲ. ನೆರೆ ಬಂದರೂ ಈ ಭತ್ತ ಎತ್ತರಕ್ಕೆ ಬೆಳೆದು ತಲೆ ಎತ್ತಿ ನಿಲ್ಲುತ್ತದೆ. ಕೊಯ್ಲಾದ ಮೇಲೆ ಕಟ್ಟೆಯ ಜಂತ್ರಡಿಯನ್ನು (ತೂಬಿನ ಬಾಗಿಲನ್ನು) ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ಅದೇ ಗದ್ದೆಯಲ್ಲಿ ಆಗ ಸಿಗಡಿ, ಮೀನು. ತಮ್ಮ ಮಕ್ಕಳು ಬೇಸಗೆಯಲ್ಲಿ ಬಂದರೆ ಭತ್ತ ಕಾಣುವುದಿಲ್ಲ, ಆದರೆ ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಆಯುವವರನ್ನು ಕಾಣುತ್ತಾರೆ. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಲು ಮಾತ್ರ ಬೇಸಗೆಯೇ ಸರಿಯಾದ ಕಾಲ. ಲಂಬಾಣಿಗರ ಎತ್ತುಗಳು ಘಟ್ಟ ಹತ್ತಿಸಿದ್ದು ಈ ತೀರದ ಇಂಥ ಆಗರಗಳ ಉಪ್ಪನ್ನೇ ಎಂದು ಮಕ್ಕಳಿಗೆ ಹೇಳಿ.

ಹೊರಡುವ ಮುನ್ನ ಹಂದಿಗೋಣ, ಅಳ್ವೆಕೋಡಿಯ ಹೆದ್ದಾರಿಯ ಬದಿಯಲ್ಲಿ ಸಿಹಿ ಈರುಳ್ಳಿ ಕೊಳ್ಳಿರಿ. ಒಣಗಿದ ಸೊಪ್ಪಿನ ಸಮೇತ ಜಡೆಯಂತೆ ಹೆಣೆದು ತೂಗುಹಾಕಿರುತ್ತಾರೆ. ಗೆಡ್ಡೆ ಗಟ್ಟಿಯಾಗಿದೆಯೇ, ಸೊಪ್ಪು ಪೂರ್ತಿ ಒಣಗಿದೆಯೇ ಎಂದು ಮುಟ್ಟಿ ನೋಡಿ. ಹಸಿಯಿದ್ದರೆ ಬೆಂಗಳೂರು ಮುಟ್ಟುವ ಮೊದಲೇ ಕೊಳೆಯಲು ಆರಂಭಿಸುತ್ತದೆ. ಮನೆಯಲ್ಲಿ ಗಾಳಿಯಾಡುವ ಕಡೆ ಜಡೆ ಬಿಚ್ಚದೆ ತೂಗುಹಾಕಿದರೆ ಮಳೆಗಾಲಕ್ಕೂ ಒದಗುತ್ತದೆ.